ನೂರೈವತ್ತು ಪದಗಳೊಳಗೆ

ಲೋವರ್ ಹಟ್
19 ಜನವರಿ 2025

ಅಣ್ಣ,

ಇದನ್ನು ಫೋನಿನಲ್ಲಿ ಹೇಳಲು ಮೂರು ಸಲ ಶುರು ಮಾಡಿದೆ. ಮೂರು ಸಲವೂ ನೀನು ನಿಮ್ಮ ತಕಾನಿನಿಯಲ್ಲಿ ಅರ್ಧಕ್ಕೇ ನಿಂತುಹೋದ ಫುಟ್‌ಪಾತಿನ ಕತೆ ತೆಗೆದೆ. ಅದಕ್ಕೇ ಕಾಗದ. ಕಾಗದದಲ್ಲಿ ನೀನು ನನ್ನ ಮಾತಿನ ಮಧ್ಯೆ ಬಾಯಿ ಹಾಕಲಾರೆ.

ಇಲ್ಲಿ ಗಾಳಿ ಬಿಟ್ಟರೆ ಸುದ್ದಿಯಿಲ್ಲ. ರಾಜೀವ್ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಾರೆ, ಗಾಳಿ ಬಿಚ್ಚುತ್ತದೆ. ರೆಸ್ಟ್ ಹೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಎಂದಿನಂತೆ. ಹೋದ ವಾರ ನಮ್ಮ ಮಾರ್ಗರೆಟ್‌ಳ ಉಸಿರು ಬದಲಾಗಿದೆ ಅನ್ನಿಸಿತು. ಎಂಬತ್ತಾರು ವರ್ಷದವಳು, ತರನಾಕಿಯಲ್ಲಿ ಹಸು ಸಾಕಿದ ಹೆಂಗಸು. ಇಂಥದ್ದಕ್ಕೆ ಎದೆಗೆ ಕಿವಿ ಕೊಡಬೇಕಾಗಿಲ್ಲ, ಬಾಗಿಲಲ್ಲಿ ನಿಂತರೆ ಗೊತ್ತಾಗುತ್ತದೆ. ಕೃತಿಗೆ ಹೇಳಿದೆ. ಕೃತಿ ಮೈಸೂರಿನವರ ಮಗಳೇ, ಆದರೆ ಇಲ್ಲಿ ಹುಟ್ಟಿದವಳು. ಇಪ್ಪತ್ತನಾಲ್ಕು ವರ್ಷಕ್ಕೇ ರಿಜಿಸ್ಟರ್ಡ್ ನರ್ಸ್. ನಾನು ಕನ್ನಡದಲ್ಲಿ ಹೇಳಿದರೆ ಅವಳು "ಓಕೆ ಆಂಟಿ, ಐ ವಿಲ್ ಅಸೆಸ್ ಹರ್" ಅಂದಳು. ನ್ಯುಮೋನಿಯಾದ ಶುರುವೇ ಆಗಿತ್ತು. ಒಳ್ಳೆಯ ಹುಡುಗಿ, ಬಂದು ಥ್ಯಾಂಕ್ಸ್ ಅಂದಳು. ಆದರೆ ದಾಖಲೆಯಲ್ಲಿ ಅವಳು ಬರೆದದ್ದು ತೀರ್ಮಾನ, ನಾನು ಹೇಳಿದ್ದು "ಕೇರ್‌ಗಿವರ್ ಗಮನಿಸಿದರು". ಮೈಸೂರಿನಲ್ಲಿ ಇಪ್ಪತ್ತೊಂದು ವರ್ಷ ನರ್ಸ್ ಆಗಿದ್ದವಳು ಇಲ್ಲಿ ಹದಿನೈದು ವರ್ಷದಿಂದ ಗಮನಿಸುತ್ತಿದ್ದೇನೆ.

ಅದಕ್ಕೆ ಒಂದು ಪಾಲಿಟೆಕ್ನಿಕ್‌ಗೆ ಹೋಗಿ ವಿಚಾರಿಸಿದೆ. ನನ್ನ ನರ್ಸಿಂಗ್ ಸ್ಕೂಲು ಮುಚ್ಚಿಹೋಗಿದೆ, ಯಾವ ವಿಷಯ ಎಷ್ಟು ಗಂಟೆ ಕಲಿತೆ ಎಂಬುದಕ್ಕೆ ದಾಖಲೆ ಇಲ್ಲ, ಆದ್ದರಿಂದ ನನ್ನ ಹಳೆಯ ಓದಿಗೆ ಕ್ರೆಡಿಟ್ ಸೊನ್ನೆ. ಡಿಗ್ರಿಯ ಮೊದಲ ವರ್ಷಕ್ಕೆ ನೂರಿಪ್ಪತ್ತು ಕ್ರೆಡಿಟ್ ಬೇಕು. ಇಲ್ಲಿ ಕೇರ್‌ಗಿವರ್ ಆಗಿ ಮಾಡಿಕೊಂಡ ಸಣ್ಣ ಸರ್ಟಿಫಿಕೇಟುಗಳಿಗೆ ಎಪ್ಪತ್ತೈದು ಕೊಡುತ್ತಾರಂತೆ. ಉಳಿದ ನಲವತ್ತೈದಕ್ಕೆ ಮೂರು ಪರೀಕ್ಷೆ. ಚಾಲೆಂಜ್ ಪರೀಕ್ಷೆ ಅನ್ನುತ್ತಾರೆ: ತರಗತಿಗೆ ಹೋಗುವುದು ಬೇಡ, ನೇರ ಬಂದು ಬರೆ, ಐವತ್ತು ಬಂದರೆ ಆ ವಿಷಯದ ಹದಿನೈದು ಕ್ರೆಡಿಟ್ ನಿನ್ನದು. ಒಂದು ವಿಷಯಕ್ಕೆ ಒಂದೇ ಅವಕಾಶ. ಮೂರೂ ಪಾಸಾದರೆ ನೇರ ಎರಡನೇ ವರ್ಷ. ಐವತ್ತೆಂಟಕ್ಕೆ ಹತ್ತೊಂಬತ್ತರ ಮಕ್ಕಳ ಜೊತೆ ಮೊದಲಿನಿಂದ ಕೂರುವ ಶಕ್ತಿ ನನಗಿಲ್ಲ. ಇದೊಂದೇ ದಾರಿ.

ಅರ್ಜಿಯ ನಕಲು ಇಟ್ಟಿದ್ದೇನೆ, ಇಂಗ್ಲಿಷ್ ಒಮ್ಮೆ ನೋಡು. ಶ್ರೀವಿದ್ಯಾಗೆ ನೆನಪು ತಿಳಿಸು.

ಹೆಸರು ಕೊಟ್ಟುಬಿಟ್ಟಿದ್ದೇನೆ. ಮಾರ್ಚ್ 14.

ವಸಂತಾ

*

ತಕಾನಿನಿ
27 ಜನವರಿ 2025

ವಸಂತಾ, ಆಶೀರ್ವಾದಗಳು.

ಮುಖ್ಯ ವಿಷಯ ಮೂರನೇ ಪುಟದ ಕಟ್ಟಕಡೆಯ ಸಾಲಿನಲ್ಲಿತ್ತು. ಎಂಟು ವರ್ಷದವಳಿದ್ದಾಗಲೂ ನೀನು ಹೀಗೇ. ಶಾಲೆಯಿಂದ ಬಂದು, ಟೀಚರು ಉಟ್ಟ ಸೀರೆಯಿಂದ ಹಿಡಿದು ಎಲ್ಲ ವರದಿ ಒಪ್ಪಿಸಿ, ಕೊನೆಗೆ "ಅಣ್ಣಾ, ಕಾಲಿಗೆ ಮೊಳೆ ಚುಚ್ಚಿದೆ" ಅಂದಿದ್ದೆ.

ಈಗ ನನ್ನ ಸರದಿ, ಓದು. ಇಪ್ಪತ್ತೊಂದು ವರ್ಷ ಸೊನ್ನೆ, ತೊಂಬತ್ತು ನಿಮಿಷದ ಪರೀಕ್ಷೆ ಹದಿನೈದು ಕ್ರೆಡಿಟ್! ಇದು ಯಾವ ಲೋಕದ ತಕ್ಕಡಿ? ಚೀನಾದ ಅರಸರು ಸಾವಿರ ವರ್ಷ ಜನರನ್ನು ಗೂಡಿನಲ್ಲಿ ಕೂರಿಸಿ ಪರೀಕ್ಷೆ ಬರೆಸಿದರು. ಬ್ರಿಟಿಷರು ಅದನ್ನು ಮೆಚ್ಚಿ ತಂದು ನಮ್ಮ ತಲೆಗೆ ಕಟ್ಟಿದರು. ಈಗ ಅವರ ಮೊಮ್ಮಕ್ಕಳು ಇನ್ನೂರು ಹೆರಿಗೆ ನೋಡಿದವಳಿಗೆ ಮೂಳೆ ಎಷ್ಟಿವೆ ಎಣಿಸು ಅನ್ನುತ್ತಾರೆ. ನಾನು ಪರೀಕ್ಷಾ ಕಚೇರಿಯಲ್ಲಿ ಮೂವತ್ತೈದು ವರ್ಷ ಕೂತು, ಸೂಪರಿಂಟೆಂಡೆಂಟ್ ಆಗಿ ಎದ್ದವನು. ಪರೀಕ್ಷೆಗೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂದು ನನಗೆ ಇವರು ಹೇಳಿಕೊಡಬೇಕಿಲ್ಲ. ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಆ ಅರ್ಧ ಫುಟ್‌ಪಾತಿನ ಮೇಲೇ ಹೋಗಿ ಹೋಗಿ ತಿರುಗಿ ಬರುತ್ತಿದ್ದೇನೆ. ಶ್ರೀವಿದ್ಯಾ, "ಅಪ್ಪ, ಪರೀಕ್ಷೆ ಅತ್ತೆಗಾ ನಿಮಗಾ?" ಅಂತ ಕೇಳಿದಳು.

ಬರೆಯುವುದೇ ಆದರೆ ಸರಿಯಾಗಿ ಬರೆ. ಬರವಣಿಗೆಯ ಪ್ರಶ್ನೆ ಬಂದರೆ ಮೊದಲು ವ್ಯಾಖ್ಯೆ, ಆಮೇಲೆ ಪೀಠಿಕೆ, ಆಮೇಲೆ ಉಪಶೀರ್ಷಿಕೆಗಳು, ಕೊನೆಗೆ ಉದಾಹರಣೆ. ಪುಟ ತುಂಬಿಸು. ಮೌಲ್ಯಮಾಪಕ ದಣಿದ ಪ್ರಾಣಿ, ತೂಕ ನೋಡುತ್ತಾನೆ. ಖಾಲಿ ಬಿಡುವುದು ಮಹಾಪಾಪ.

ಅರ್ಜಿಯ ಇಂಗ್ಲಿಷ್ ಸರಿಯಿದೆ. ನಕಲು ನನ್ನ ಬಳಿಯೇ ಇರಲಿ.

ಶ್ರೀರಂಗ

*

ಲೋವರ್ ಹಟ್
16 ಫೆಬ್ರವರಿ 2025

ಅಣ್ಣ,

ಅಂಗರಚನೆ ತೊಂದರೆಯಿಲ್ಲ, ಇನ್ನೂ ಬಾಯಿಪಾಠವಿದೆ. ಔಷಧಿಗಳದೂ ಪರವಾಗಿಲ್ಲ. ಬೆಳಿಗ್ಗೆ ವೆಲಿಂಗ್ಟನ್ನಿನ ತನಕ ರೈಲಿನಲ್ಲಿ ಸುಮ್ಮನೆ ಹೋಗಿ ಬರುತ್ತೇನೆ, ಓದಲು. ಮನೆಯಲ್ಲಿ ಕೂತರೆ ಪುಸ್ತಕ ಬಿಟ್ಟು ಕಪಾಟು ಒರೆಸುತ್ತೇನೆ.

ಮೂರನೆಯದು ನನ್ನನ್ನು ಕೊಲ್ಲುತ್ತಿದೆ. "ವ್ಯಕ್ತಿಕೇಂದ್ರಿತ ಆರೈಕೆ" ಅಂತ. ಕಂಪ್ಯೂಟರಿನಲ್ಲಿ ಬರುವ ಅಭ್ಯಾಸದ ಪ್ರಶ್ನೆ ಒಂದು ಹೇಳುತ್ತೇನೆ, ಕೇಳು. ಎಂಬತ್ತೆರಡರ ಮುದುಕಿ ಸ್ನಾನ ಬೇಡ ಅನ್ನುತ್ತಾಳೆ. ಒತ್ತಾಯ ಮಾಡಿಯಾದರೂ ಮಾಡಿಸಿ ಅಂತ ಮಗ ಹೇಳಿಹೋಗಿದ್ದಾನೆ. ನೀವು ಮೊದಲು ಏನು ಮಾಡುತ್ತೀರಿ? ನಾನು "ಡಾಕ್ಟರಿಗೆ ತಿಳಿಸುತ್ತೇನೆ" ಅಂತ ಒತ್ತಿದೆ. ತಪ್ಪು. "ಮಗನಿಗೆ ಫೋನ್ ಮಾಡುತ್ತೇನೆ" ಒತ್ತಿದೆ. ತಪ್ಪು. "ದಾಖಲೆಯಲ್ಲಿ ಬರೆಯುತ್ತೇನೆ". ಅದೂ ತಪ್ಪು. ಸರಿ ಉತ್ತರ: "ಯಾಕೆ ಬೇಡ ಎಂದು ಅವಳನ್ನೇ ಕೇಳುತ್ತೇನೆ."

ಇಂಥವು ಇಪ್ಪತ್ತು ಇದ್ದವು. ನಾನು ಹದಿನಾಲ್ಕು ತಪ್ಪಿದೆ. ಹದಿನಾಲ್ಕರಲ್ಲೂ ನಾನು ಬೇರೆ ಯಾರನ್ನೋ ಕೇಳಿದ್ದೆ: ಡಾಕ್ಟರನ್ನು, ಇನ್‌ಚಾರ್ಜ್ ಸಿಸ್ಟರನ್ನು, ಗಂಡನನ್ನು, ಹಿರಿಯ ಮಗನನ್ನು. ನಮಗೆ ಕಲಿಸಿದ್ದೇ ಹಾಗಲ್ಲವಾ? ರೋಗಿಗೆ ಏನು ಗೊತ್ತು, ಪಾಪ.

ಕೃತಿಗೆ ತೋರಿಸಿದರೆ ನಕ್ಕಳು. "ಆಂಟಿ, ಜಸ್ಟ್ ಆಸ್ಕ್ ಹರ್!" ಅಂದಳು. ಅಷ್ಟೇ ಅಂತೆ.

ನಮ್ಮ ಮಾರ್ಗರೆಟ್ ಕೂಡ ಸ್ನಾನಕ್ಕೆ ಬರುವುದಿಲ್ಲ. ಎರಡು ವರ್ಷದಿಂದ ಗಲಾಟೆ. ಕೇಳಬೇಕು ಅಂತ ನನಗೆ ಒಂದು ದಿನವೂ ಹೊಳೆದಿಲ್ಲ.

ನನಗೆ ಭಯವಾಗುತ್ತಿದೆ.

ವಸಂತಾ

*

ತಕಾನಿನಿ
24 ಫೆಬ್ರವರಿ 2025

ವಸಂತಾ,

ಭಯ ಯಾಕೆ? ತಪ್ಪು ಅವರ ಕೀ ಉತ್ತರದ್ದು! ಮುದುಕಿ ಬೇಡ ಅಂದಳು ಅಂತ ಸ್ನಾನವಿಲ್ಲದೆ ಬಿಡುವುದೇ? ಅಪ್ಪ ಹೋದಮೇಲೆ ಅಮ್ಮನಿಗೆ ಕಣ್ಣಿನ ಆಪರೇಷನ್ ಮಾಡಿಸಿದ್ದು ಯಾರನ್ನು ಕೇಳಿ? ಕೇಳಿದ್ದರೆ ಬೇಡ ಅನ್ನುತ್ತಿದ್ದಳು. ಮಾಡಿಸಿದೆ, ಹನ್ನೊಂದು ವರ್ಷ ಪೇಪರ್ ಓದಿಕೊಂಡಿದ್ದಳು. ಮನೆ ನಡೆಸುವವನು ಪ್ರತಿಯೊಂದಕ್ಕೂ ಮತ ಹಾಕಿಸುತ್ತಾ ಕೂತರೆ ಆಯಿತು.

ಇದು ಪರೀಕ್ಷೆಯಲ್ಲ, ನೀತಿಪಾಠ. ಅದನ್ನೂ ಗುಂಡಿ ಒತ್ತಿ ಒಪ್ಪಿಸಬೇಕು. ನಿನ್ನ ಅನುಭವಕ್ಕೆ ಅವರು ಕೊಟ್ಟ ಸೊನ್ನೆಯೇ ಮೂಲ ಅನ್ಯಾಯ. ಬೇರು ಬಿಟ್ಟು ಎಲೆಗೆ ನೀರು ಹಾಕಿ ಉಪಯೋಗವಿಲ್ಲ. ಇಂಥ ಕಚೇರಿಗಳ ಭಾಷೆ ನನಗೆ ಬರುತ್ತದೆ.

ನೀನು ಓದಿಕೋ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಶ್ರೀರಂಗ

*

ಲೋವರ್ ಹಟ್
11 ಮಾರ್ಚ್ 2025

ಅಣ್ಣ,

ಪಾಲಿಟೆಕ್ನಿಕ್‌ನಿಂದ ಈ ದಿನ ಇ-ಮೇಲ್ ಬಂತು. "ನಿಮ್ಮ ಮೇಲ್ಮನವಿ ತಲುಪಿದೆ. ಅದು ಇತ್ಯರ್ಥವಾಗುವ ತನಕ ನಿಯಮದ ಪ್ರಕಾರ ನೀವು ಚಾಲೆಂಜ್ ಪರೀಕ್ಷೆಗೆ ಕೂರುವಂತಿಲ್ಲ. 14ರ ನಿಮ್ಮ ನೋಂದಣಿಯನ್ನು ತಡೆಹಿಡಿಯಲಾಗಿದೆ."

ನಾನು ಯಾವ ಮೇಲ್ಮನವಿಯನ್ನೂ ಬರೆದಿಲ್ಲ. ಫೋನ್ ಮಾಡಿದೆ. ಆ ಹೆಂಗಸು ಓದಿ ಹೇಳಿದಳು. ಎರಡು ಪುಟವಂತೆ. ಚೀನಾದ ಅರಸರು ಇದ್ದಾರಂತೆ. ಕೊನೆಯಲ್ಲಿ "ವಸಂತಾ ರಾಜೀವ್ ಪರವಾಗಿ" ಅಂತ ಸಹಿ, ನನ್ನ ಅರ್ಜಿಯ ನಂಬರು.

ವಾಪಸು ತೆಗೆದುಕೊಳ್ಳುತ್ತೇನೆ ಅಂದೆ. ತೆಗೆದುಕೊಳ್ಳಬಹುದು, ಆದರೆ ಅದಕ್ಕೂ ಹತ್ತು ದಿನದ ಕ್ರಮವಿದೆ ಅಂದಳು. ಮುಂದಿನ ಪರೀಕ್ಷೆ ಜುಲೈ 4.

ಎರಡು ತಿಂಗಳು ರೈಲಿನಲ್ಲಿ ಓದಿದ್ದೇನೆ ಅಣ್ಣ. ಪರೀಕ್ಷೆಗೆ ಮೂರು ದಿನ ಇತ್ತು.

ನನ್ನನ್ನು ಒಂದು ಮಾತು ಕೇಳಬಹುದಿತ್ತು.

ವಸಂತಾ

*

ತಕಾನಿನಿ
20 ಮಾರ್ಚ್ 2025

ವಸಂತಾ,

ಸಿಟ್ಟು ಬಂದಿದೆ, ಸಹಜ. ಆದರೆ ಅವರು ನೋಂದಣಿ ತಡೆಹಿಡಿದಿದ್ದಾರೆ ಅಂದರೆ ಅಲುಗಾಡಿದ್ದಾರೆ ಅಂತಲೇ ಅರ್ಥ. ದಯವಿಟ್ಟು ವಾಪಸು ತೆಗೆದುಕೊಳ್ಳಬೇಡ. ಇದು ನಿನ್ನೊಬ್ಬಳ ಪ್ರಶ್ನೆಯಲ್ಲ. ಈ ದೇಶದ ರೆಸ್ಟ್ ಹೋಮುಗಳಲ್ಲಿ ನಿನ್ನಂಥವರು ಎಷ್ಟು ಜನ ಹಾಸಿಗೆ ಬದಲಿಸುತ್ತಿದ್ದಾರೆ? ಟ್ಯಾಕ್ಸಿ ಓಡಿಸುವ ಡಾಕ್ಟರುಗಳ ಕತೆ ಕೇಳಿ ನಾವೆಲ್ಲ ಚ್ ಚ್ ಅಂದು ಸುಮ್ಮನಾದೆವು. ಒಬ್ಬರಾದರೂ ಬರೆದು ಕೇಳಬೇಡವೇ?

ಜುಲೈ ದೂರವೇನಿಲ್ಲ. ಇನ್ನಷ್ಟು ಓದಲು ಸಮಯ ಸಿಕ್ಕಿತು ಅಂದುಕೋ.

ಉತ್ತರ ಬರೆ.

ಶ್ರೀರಂಗ

*

ತಕಾನಿನಿ
11 ಮೇ 2025

ವಸಂತಾ,

ಏಳು ವಾರವಾಯಿತು. ಫೋನ್ ಮಾಡಿದರೆ ರಾಜೀವ್ ಎತ್ತಿ "ಅವಳು ರೈಲಿನಲ್ಲಿದ್ದಾಳೆ" ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ರೈಲು, ಸಂಜೆ ಮಾಡಿದರೂ ರೈಲು. ಮೇಲ್ಮನವಿ ತಿರಸ್ಕಾರವಾಯಿತು ಎಂದು ಅವರಿಂದಲೇ ತಿಳಿಯಿತು. ನಾನು ಕೇಳಿಕೊಂಡೆ ಅಂತ ನೀನು ಅದನ್ನು ವಾಪಸು ತೆಗೆದುಕೊಂಡಿರಲಿಲ್ಲ ಎಂಬುದೂ ತಿಳಿಯಿತು.

ಇನ್ನೊಂದು ವಿಷಯ ಬರೆಯಬೇಕು. ನಿನ್ನಂತೆ ಕೊನೆಗಿಡದೆ ಇಲ್ಲೇ ಬರೆಯುತ್ತೇನೆ.

1985ರ ಜೂನಿನಲ್ಲಿ ನಿನ್ನ ಪಿಯುಸಿ ಫಲಿತಾಂಶ ಬಂದಾಗ ಕೆಮಿಸ್ಟ್ರಿಯಲ್ಲಿ ಮೂವತ್ತೆರಡು. ಪಾಸಿಗೆ ಮೂವತ್ತೈದು. ಬಿ.ಎಸ್ಸಿ. ಸೇರಿ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ನಿನ್ನ ಆಸೆ. ನೀನು ಮರುಎಣಿಕೆಯ ಅರ್ಜಿ ತುಂಬಿ, ಸಹಿ ಹಾಕಿ, ನಾನು ಅದೇ ಕಚೇರಿಯಲ್ಲಿದ್ದೇನೆಂದು ನನ್ನ ಕೈಗೆ ಕೊಟ್ಟೆ. ಮೂರು ವಾರದ ಮೇಲೆ ನಾನು "ಎಣಿಸಿದರು, ಬದಲಾವಣೆ ಇಲ್ಲ" ಅಂದೆ.

ಎಣಿಸಿರಲಿಲ್ಲ. ನಾನು ಅರ್ಜಿಯನ್ನು ಕೊಡಲೇ ಇಲ್ಲ.

ಆ ವರ್ಷ ಸಹೋದ್ಯೋಗಿ ವೆಂಕಟರಮಣ ತನ್ನ ಅಣ್ಣನ ಮಗನ ಅಂಕ ತಿದ್ದಿದ್ದ. ಅದನ್ನು ಮೇಲಿನವರಿಗೆ ಬರೆದವನು ನಾನು. ಕಚೇರಿಯಲ್ಲಿ ಯಾರೂ ನನ್ನ ಜೊತೆ ಕಾಫಿ ಕುಡಿಯುತ್ತಿರಲಿಲ್ಲ. ಶ್ರೀರಂಗನ ತಂಗಿಯ ಮೂವತ್ತೆರಡು ಮೂವತ್ತೈದಾದರೆ ಏನನ್ನುತ್ತಾರೆ ಎಂದು ಯೋಚಿಸಿದೆ. ನ್ಯಾಯವಾಗಿ ಆಗಿದ್ದರೂ ಯಾರು ನಂಬುತ್ತಿದ್ದರು? ಅರ್ಜಿ ಮೇಜಿನ ಖಾನೆಯಲ್ಲಿ ಉಳಿಯಿತು, ಗಡುವು ಮುಗಿಯಿತು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಬಹುದಿತ್ತು. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ನರ್ಸಿಂಗ್ ಸೀಟು ಸಿಕ್ಕಿತು, ನಾನೇ ಕರೆದುಕೊಂಡು ಹೋಗಿ ಸೇರಿಸಿದೆ. ಅದನ್ನೂ ನಿನ್ನನ್ನು ಕೇಳಿದ ನೆನಪಿಲ್ಲ.

ಆ ಮೂರು ಅಂಕ ನಿನಗೆ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡುವಷ್ಟು ಧೈರ್ಯವೂ ಇರಲಿಲ್ಲ. ಊರಿನ ಅನ್ಯಾಯಗಳನ್ನೆಲ್ಲ ಇಸವಿ ಸಮೇತ ಹೇಳುವ ನಾನು ಇದೊಂದನ್ನು ಯಾರಿಗೂ ಹೇಳಿಲ್ಲ. ಈ ಫೆಬ್ರವರಿಯಲ್ಲಿ ಆ ಎರಡು ಪುಟ ಬರೆಯುವಾಗ, ನಲವತ್ತು ವರ್ಷ ತಡವಾಗಿಯಾದರೂ ನಿನ್ನ ಅರ್ಜಿ ಕೊಡುತ್ತಿದ್ದೇನೆ ಅನ್ನಿಸಿತು. ಅದನ್ನೂ ಕೆಡಿಸಿದೆ.

ಶ್ರೀರಂಗ

*

ಲೋವರ್ ಹಟ್
8 ಜೂನ್ 2025

ಅಣ್ಣ,

ನಿನ್ನ ಕಾಗದ ಬಂತು. ಇದಕ್ಕೆ ಈಗ ಉತ್ತರ ಬರೆಯಲಾರೆ, ಪರೀಕ್ಷೆ ಇದೆ.

ಮಾರ್ಗರೆಟ್‌ಳನ್ನು ಕೇಳಿದೆ. ಯಾಕೆ ಸ್ನಾನ ಬೇಡ ಅಂತ. ನನ್ನನ್ನೇ ದಡ್ಡಿಯಂತೆ ನೋಡಿದಳು. "ಬೆಳಿಗ್ಗೆ ಯಾರಾದರೂ ಸ್ನಾನ ಮಾಡುತ್ತಾರಾ, ಡಿಯರ್? ಹಸುಗಳು ಕಾಯುತ್ತಿರುತ್ತವೆ." ಐವತ್ತು ವರ್ಷ ಸಂಜೆಯ ಹಾಲು ಕರೆದಾದ ಮೇಲೆಯೇ ಅವಳ ಸ್ನಾನವಂತೆ. ನಾವು ಎರಡು ವರ್ಷ ದಿನಾ ಬೆಳಿಗ್ಗೆ ಎಂಟಕ್ಕೆ ಟವೆಲ್ ಹಿಡಿದು ನಿಂತು ಜಗಳವಾಡಿದ್ದೆವು. ಈಗ ಸಂಜೆ ಐದಕ್ಕೆ ಅವಳೇ ಗಾಲಿಕುರ್ಚಿ ತಳ್ಳಿಕೊಂಡು ಬಾಗಿಲಲ್ಲಿ ಬಂದು ಕಾಯುತ್ತಿರುತ್ತಾಳೆ. ಕೃತಿ ಇದನ್ನು ದಾಖಲೆಯಲ್ಲಿ ಬರೆದಳು.

ಅಭ್ಯಾಸದಲ್ಲಿ ಈಗ ಇಪ್ಪತ್ತಕ್ಕೆ ನಾಲ್ಕೇ ತಪ್ಪು.

ನಿನ್ನ ಕಾಗದದ ವಿಷಯ ರಾಜೀವ್‌ಗೆ ಏನೂ ಹೇಳಿಲ್ಲ. ಟೊಮೆಟೊ ಎಲ್ಲ ಕಿತ್ತಾಯಿತು.

1985ರಲ್ಲಿ ನಾನು ಇಡೀ ಜುಲೈ ಅತ್ತಿದ್ದೆ. ಸರಿಯಾಗಿ ಓದಲಿಲ್ಲ ಅಂತ. ನೀನು ನೋಡಿದ್ದೆ.

ವಸಂತಾ

*

ಲೋವರ್ ಹಟ್
20 ಜುಲೈ 2025

ಅಣ್ಣ,

ಚಳಿ ಬಹಳ. ಪರೀಕ್ಷೆಯ ಕೋಣೆಯಲ್ಲಿ ಹೀಟರ್ ಇತ್ತು. ನಾವು ಹನ್ನೊಂದು ಜನ. ಎಲ್ಲರೂ ನನಗಿಂತ ಚಿಕ್ಕವರು, ಒಬ್ಬ ಫಿಲಿಪಿನೊ ಹುಡುಗನನ್ನು ಬಿಟ್ಟರೆ ಎಲ್ಲರೂ ಹೆಂಗಸರು. ಅವನು "ಆಂಟಿ, ಗುಡ್ ಲಕ್" ಅಂದ. ಈ ದೇಶದಲ್ಲಿ ಎಲ್ಲಿ ಹೋದರೂ ನಾನು ಆಂಟಿಯೇ.

ಅಂಗರಚನೆಯಲ್ಲಿ ಎಂಬತ್ತೊಂದು. ಔಷಧಿಯಲ್ಲಿ ಎಪ್ಪತ್ತನಾಲ್ಕು.

ಮೂರನೆಯದರಲ್ಲಿ ಗುಂಡಿ ಒತ್ತುವ ಭಾಗ ಚೆನ್ನಾಗಿಯೇ ಆಯಿತು. ಬರೆಯುವ ಪ್ರಶ್ನೆ ಎರಡಿದ್ದವು, ಒಂದೊಂದಕ್ಕೂ ನೂರೈವತ್ತು ಪದದ ಮಿತಿ. "ಆರೈಕೆಯನ್ನು ನಿರಾಕರಿಸಿದ ಒಬ್ಬ ವ್ಯಕ್ತಿಯ ಬಗ್ಗೆ ಬರೆಯಿರಿ." ಎಂಥ ಪ್ರಶ್ನೆ ನೋಡು! ಮಾರ್ಗರೆಟ್‌ಳನ್ನೇ ಕೇಳಿದ ಹಾಗಿತ್ತು. ಮೊದಲು ವ್ಯಾಖ್ಯೆ ಬರೆದೆ. ಪೀಠಿಕೆ ಬರೆದೆ. ರೋಗಿಯ ಹಕ್ಕುಗಳನ್ನು ಉಪಶೀರ್ಷಿಕೆ ಹಾಕಿ ವಿವರಿಸಿದೆ. ಕೊನೆಯಲ್ಲಿ ಮಾರ್ಗರೆಟ್, ಹಸು, ಸಂಜೆಯ ಸ್ನಾನ. ನಾನೂರು ಪದ ಆಗಿತ್ತು. ಎರಡನೆಯದಕ್ಕೂ ಹಾಗೇ. ಪರದೆ ತಡೆಯಲಿಲ್ಲ, ಬರೆಯಲು ಬಿಟ್ಟಿತು. ಖುಷಿಯಾಯಿತು.

ಮಿತಿಯ ಆಚೆಗೆ ಬರೆದದ್ದನ್ನು ಮೌಲ್ಯಮಾಪಕರು ಓದುವುದಿಲ್ಲವಂತೆ. ನಿಯಮದಲ್ಲಿ ಇತ್ತು.

ನಲವತ್ತೇಳು. ಐವತ್ತಕ್ಕೆ ಮೂರು ಕಡಿಮೆ.

ವಸಂತಾ

*

ತಕಾನಿನಿ
25 ಜುಲೈ 2025

ವಸಂತಾ,

ಮೂರು. ಮತ್ತೆ ಮೂರೇ. ಮೇಜಿನ ಮುಂದೆ ಕೂತು ನಾಲ್ಕು ಸಲ ಎದ್ದೆ.

ವ್ಯಾಖ್ಯೆ, ಪೀಠಿಕೆ, ಪುಟ ತುಂಬಿಸು ಎಂದವನು ನಾನು. ನಮ್ಮಲ್ಲಿ ಅಡಿಷನಲ್ ಶೀಟು ಕಟ್ಟಿದಷ್ಟೂ ಜಾಣರು. ಇಲ್ಲಿ ಅದೇ ಮುಳುವಾಯಿತು. ಮಿತಿ ಎಷ್ಟು ಎಂದು ನಿನ್ನನ್ನು ಕೇಳಲೂ ಇಲ್ಲ ನಾನು.

ಅವರ ನಿಯಮಾವಳಿ ಓದಿದೆ, ಈ ಸಲ ಪೂರ್ತಿ. ಫಲಿತಾಂಶದಿಂದ ಹದಿನೈದು ದಿನದೊಳಗೆ ಅಭ್ಯರ್ಥಿ ಸ್ವತಃ ಮರುಮೌಲ್ಯಮಾಪನ ಕೇಳಬಹುದು. ಅರ್ಜಿಯೊಂದನ್ನು ಬರೆದು ಜೊತೆಗಿಟ್ಟಿದ್ದೇನೆ. ಚೀನಾ ಇಲ್ಲ. ಅವರಿಗೆ ಕಳಿಸಿಲ್ಲ, ನಕಲೂ ಇಟ್ಟುಕೊಂಡಿಲ್ಲ. ಸಹಿಯ ಜಾಗ ಖಾಲಿ ಇದೆ. ಹಾಕುವುದೋ ಹರಿಯುವುದೋ ನಿನಗೆ ಬಿಟ್ಟದ್ದು.

ಕೊಡಬೇಕು ಅಂತ ನಿನಗೆ ಅನ್ನಿಸುತ್ತಿದೆಯಾ? ಕೇಳುತ್ತಿದ್ದೇನೆ, ಅಷ್ಟೇ.

ಶ್ರೀರಂಗ

*

ಲೋವರ್ ಹಟ್
17 ಆಗಸ್ಟ್ 2025

ಅಣ್ಣ,

ನಲವತ್ತೇಳೇ. ಮತ್ತೆ ನೋಡಿದರು, ಬದಲಾಗಲಿಲ್ಲ.

ನೋಡು, ಮೊದಲ ಸಾಲಿಗೇ ತಂದಿದ್ದೇನೆ.

ನಿನ್ನ ಅರ್ಜಿ ತಲುಪುವ ಮೊದಲೇ ನಾನು ಕೊಟ್ಟಾಗಿತ್ತು. ಫಲಿತಾಂಶ ಬಂದ ಮರುದಿನ, ನಾಲ್ಕು ಸಾಲು, ನನ್ನದೇ ಇಂಗ್ಲಿಷು. ನಿನ್ನದು ಚೆನ್ನಾಗಿದೆ, ಆದರೆ ಅದರಲ್ಲಿ ಸಿಟ್ಟು ನಿನ್ನದು. ಎತ್ತಿಟ್ಟಿದ್ದೇನೆ.

ಮೌಲ್ಯಮಾಪಕಿ ಒಂದು ಟಿಪ್ಪಣಿ ಕಳಿಸಿದ್ದಾಳೆ: "ಮಿತಿಯ ಆಚೆಗೆ ಬರೆದದ್ದನ್ನು ಪರಿಗಣಿಸಲು ಸಾಧ್ಯವಿಲ್ಲ. ಆದರೆ ಓದಿದೆ." ಆ ಕೊನೆಯ ಎರಡು ಪದಗಳಿಗೆ ಅಂಕವಿಲ್ಲ, ಕ್ರೆಡಿಟ್ಟೂ ಇಲ್ಲ. ಅದನ್ನು ಓದಿ ರೈಲಿನಲ್ಲಿ ಎರಡು ಸ್ಟೇಷನ್ ಮುಂದೆ ಹೋಗಿ ಇಳಿದೆ. ಯಾರೋ ಒಬ್ಬರು ನನ್ನ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ನೋಡಿದ್ದಾರೆ. ಅದಾದ ಮೇಲೂ ನಲವತ್ತೇಳು ಅಂದರೆ, ಸರಿ, ನಲವತ್ತೇಳು. ಅದು ನನ್ನದು. ಆ ಮೂವತ್ತೆರಡು ನನ್ನದೋ ಅಲ್ಲವೋ ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ನಿನ್ನ ಮೇಲೆ ನನಗಿರುವ ಸಿಟ್ಟು ಅಷ್ಟಕ್ಕೇ, ಕೆಮಿಸ್ಟ್ರಿಗಲ್ಲ. ನರ್ಸ್ ಆದದ್ದಕ್ಕೆ ನನಗೆ ಬೇಸರವಿಲ್ಲ. ಅದನ್ನು ನೀನು ಸಮಾಧಾನ ಅಂತ ತೆಗೆದುಕೊಳ್ಳಬೇಡ.

ಆ ಒಂದು ವಿಷಯಕ್ಕೆ ಮಾತ್ರ ಈಗ ತರಗತಿಗೆ ಹೋಗುತ್ತಿದ್ದೇನೆ, ಮಂಗಳವಾರ ಮತ್ತು ಗುರುವಾರ. ನವೆಂಬರಿನಲ್ಲಿ ಪಾಸಾದರೆ ಫೆಬ್ರವರಿಗೆ ಎರಡನೇ ವರ್ಷ. ಹತ್ತೊಂಬತ್ತರ ಮಕ್ಕಳ ನಡುವೆ ಕೂರಲಾರೆ ಅಂದಿದ್ದೆ, ಕೂತಿದ್ದೇನೆ. ಮೊದಲ ದಿನ ಅದೇ ಸ್ನಾನದ ಪ್ರಶ್ನೆ ಕೇಳಿದರು. ಪಕ್ಕದ ಹುಡುಗಿ "ಕಾಲ್ ದ ಸನ್" ಅಂದಳು. ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ!

ಮಾರ್ಗರೆಟ್ ಹೋದ ಸೋಮವಾರ ತೀರಿಕೊಂಡಳು. ಸಂಜೆ, ಸ್ನಾನವಾದ ಮೇಲೆ. ಉಸಿರು ಬದಲಾದದ್ದು ನನಗೇ ಮೊದಲು ಗೊತ್ತಾಯಿತು. ಕೃತಿ ದಾಖಲೆಯನ್ನು ನನ್ನ ಕಡೆ ತಿರುಗಿಸಿ, "ಆಂಟಿ, ನೀವೇ ಹೇಳಿ, ನಾನು ಬರೀತೀನಿ" ಅಂದಳು. ಕನ್ನಡದಲ್ಲಿ.

ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ ಅಣ್ಣ. ಗೊತ್ತಾದಾಗ ಕಾಗದದ ಕೊನೆಯ ಸಾಲಿನಲ್ಲಿ ಬಚ್ಚಿಡುವುದಿಲ್ಲ. ಅಲ್ಲಿಯ ತನಕ ನೀನು ಆಗಾಗ ಕೇಳುತ್ತಿರು.

ವಸಂತಾ